ಅಂಕಣ, ಜಂತೆ, ಬೆಳಕಿಂಡಿ

ಅಂಕಣ ಎಂಬ ಪದವನ್ನು ಇಂದಿನ ವಿದ್ಯಾರ್ಥಿಯ ಮುಂದಿಟ್ಟರೆ ಆತನಿಗೆ ಮೊದಲು ಹೊಳೆಯುವುದು ವೃತ್ತಪತ್ರಿಕೆ. ವಾರಕ್ಕೊಮ್ಮೆ ಗೊತ್ತಾದ ಜಾಗದಲ್ಲಿ ಒಬ್ಬರೇ ಬರೆಯುವ ಬರಹಕ್ಕೆ ಅಂಕಣವೆಂದೂ ಬರೆಯುವವರಿಗೆ ಅಂಕಣಕಾರರೆಂದೂ ಹೆಸರು. ಉತ್ತರಪತ್ರಿಕೆಗಳಲ್ಲಿ ಕೆಲವರು ಇದನ್ನು ಅಂಗಣದೊಡನೆ ಬೆರೆಸುವುದೂ ಉಂಟು. ಆದರೆ ಈ ಪದ ಪತ್ರಿಕೆಗೆ ಬರುವುದಕ್ಕೆ ಬಹಳ ಮೊದಲೇ ಮನೆಯೊಳಗಿತ್ತು. ಎರಡು ಕಂಬಗಳ ಅಥವಾ ಎರಡು ತೊಲೆಗಳ ನಡುವಣ ಜಾಗವೇ ಅಂಕಣ. ಮನೆಯ ಹಿರಿಮೆಯನ್ನು ಹಿಂದಿನವರು ಅಳೆಯುತ್ತಿದ್ದುದು ಚದರಡಿಯಲ್ಲಲ್ಲ, ಅಂಕಣಗಳ ಲೆಕ್ಕದಲ್ಲಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಇದೇ ಅಳತೆಗೆ ಖಣ ಎಂಬ ಇನ್ನೊಂದು ಪದವಿದೆ. ಇದು ಕುಪ್ಪಸದ ಖಣವಲ್ಲ, ಮನೆಯ ಖಣ. ಐದು ಖಣದ ಮನೆ ಎಂದರೆ ಮರಾಠಿಯವನಿಗೂ ತಿಳಿಯುತ್ತದೆ, ಕನ್ನಡದವನಿಗೂ ತಿಳಿಯುತ್ತದೆ. ಯಾರು ಯಾರಿಂದ ಪಡೆದರೆಂದು ಇಲ್ಲಿ ಯಾರೂ ಕೇಳುವುದಿಲ್ಲ.

ಇಂಗ್ಲಿಷಿನಲ್ಲಿ ಪತ್ರಿಕೆಯ ಅಂಕಣಕ್ಕೆ ಕಾಲಮ್ ಎನ್ನುತ್ತಾರೆ. ಅದೇ ಕಾಲಮ್ ಕಟ್ಟಡದಲ್ಲಿ ಕಂಬ. ಅಂದರೆ ಇಂಗ್ಲಿಷ್ ಭಾಷೆ ಪುಟದ ಮೇಲೆ ಕಂಬವನ್ನು ಕಂಡಿತು, ಕನ್ನಡವು ಕಂಬಗಳ ನಡುವಣ ಜಾಗವನ್ನು ಕಂಡಿತು. ಎರಡೂ ಸರಿಯಾದ ನೋಟಗಳೇ. ಚಿಂತೆಗೆ ಕಾರಣವಾಗಬೇಕಾದುದು ಬೇರೊಂದು ಸಂಗತಿ. ಪತ್ರಿಕೆಗೆ ಹೋದ ಅಂಕಣ ಅಲ್ಲಿಯೇ ಉಳಿದು, ಕಟ್ಟಡಕ್ಕೆ ಮರಳುವ ದಾರಿಯನ್ನು ಮರೆತಿದೆ. ಇಂದು ಗಡಿಭಾಗದ ತರುಣರು ದುಡಿಯುತ್ತಿರುವ ಉಕ್ಕಿನ ಕಟ್ಟಡಗಳಲ್ಲಿ ಆ ಜಾಗಕ್ಕೆ ಬೇ ಎಂದು ಹೆಸರು. ನಕ್ಷೆಯ ಮೇಲೆ ಬೇ, ಮೇಲ್ವಿಚಾರಕನ ಬಾಯಲ್ಲಿ ಬೇ, ಕೂಲಿಯ ಲೆಕ್ಕದಲ್ಲಿಯೂ ಬೇ. ಆ ಒಂದಕ್ಷರದ ಪದ ತಮ್ಮ ಅಜ್ಜನ ಮನೆಯ ಖಣವೇ ಎಂದು ಅರಿತವರು ವಿರಳ.

ಈ ಕಟ್ಟಡಗಳು ಈಗ ಎಲ್ಲೆಡೆ ಕಾಣುತ್ತವೆ. ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತಿನ ಮಗ್ಗದ ಶೆಡ್ಡುಗಳಲ್ಲಿ, ಜತ್ತ ತಾಲ್ಲೂಕಿನ ದ್ರಾಕ್ಷಿ ಬೆಳೆಯುವ ಊರುಗಳ ಗೋದಾಮುಗಳಲ್ಲಿ, ಶೀತಲಗೃಹಗಳಲ್ಲಿ, ಮದುವೆಯ ಸಭಾಭವನಗಳಲ್ಲಿ ಹಳೆಯ ಕಲ್ಲುಗೋಡೆಯ ಬದಲು ಉಕ್ಕಿನ ಚೌಕಟ್ಟು, ಹಂಚಿನ ಬದಲು ಬಣ್ಣದ ತಗಡು ಬಂದಿವೆ. ಇಲ್ಲಿಯ ಜನ ಆ ತಗಡಿಗೆ ಪತ್ರಾಸ್ ಎನ್ನುತ್ತಾರೆ. ತಮಿಳುನಾಡಿನ ಹೊಸೂರಿನ ಕಡೆಯ ಕಾರ್ಖಾನೆಗಳಲ್ಲಿಯೂ ಇದೇ ಬಗೆಯ ಕಟ್ಟಡಗಳೇ. ಇವುಗಳಿಗೆ ಪ್ರೀ-ಎಂಜಿನಿಯರ್ಡ್ ಬಿಲ್ಡಿಂಗ್ ಎಂಬುದು ಉದ್ದ ಹೆಸರು, ಪಿ.ಇ.ಬಿ. ಎಂಬುದು ರೂಢಿಯ ಹೆಸರು. ಕಂಬ, ತೊಲೆ, ತಗಡು ಎಲ್ಲವೂ ಕಾರ್ಖಾನೆಯಲ್ಲಿಯೇ ಅಳತೆಗೆ ತಕ್ಕಂತೆ ಸಿದ್ಧವಾಗಿ, ತೂತು ಕೊರೆಯಿಸಿಕೊಂಡು, ಪ್ರತಿಯೊಂದರ ಮೇಲೂ ಒಂದು ಸಂಖ್ಯೆಯನ್ನು ಬರೆಯಿಸಿಕೊಂಡು ಲಾರಿಯಲ್ಲಿ ಬರುತ್ತವೆ. ಸ್ಥಳದಲ್ಲಿ ಉಳಿಯುವ ಮುಖ್ಯ ಕೆಲಸ ಎತ್ತುವುದು, ಹೊಂದಿಸುವುದು, ಬೋಲ್ಟು ಬಿಗಿಯುವುದು.

ಹೀಗೆ ಮೊದಲೇ ಸಿದ್ಧಪಡಿಸಿ ಆಮೇಲೆ ಜೋಡಿಸುವ ಕ್ರಮ ಹೊಸತೇನಲ್ಲ. ಅಲೆಯಲೆಯಾದ ಕಬ್ಬಿಣದ ತಗಡಿಗೆ ಹೆನ್ರಿ ರಾಬಿನ್ಸನ್ ಪಾಮರ್ ಲಂಡನ್ನಿನಲ್ಲಿ ಹಕ್ಕುಸ್ವಾಮ್ಯ ಪಡೆದದ್ದು 1829ರಲ್ಲಿ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಕ್ಸ್ಟನ್ ಕಟ್ಟಿಸಿದ ಕ್ರಿಸ್ಟಲ್ ಪ್ಯಾಲೇಸ್ ಎಂಬ ಕಬ್ಬಿಣ ಮತ್ತು ಗಾಜಿನ ಭವನವೂ ಇದೇ ಬಗೆಯದು. ಅದರ ಕಂಬಗಳ ವಿನ್ಯಾಸಕ್ಕೆ 24 ಅಡಿಯ ಅಂತರವೇ ಆಧಾರ. ಆ ಒಂದು ಅಳತೆಯನ್ನು ಮತ್ತೆ ಮತ್ತೆ ಇಟ್ಟುಕೊಂಡು ಹೋದಂತೆ ಭವನ ಬೆಳೆಯಿತು. ಪ್ರದರ್ಶನ ಮುಗಿದ ಮೇಲೆ ಅದನ್ನು ಕಳಚಿ ಸಿಡನ್‌ಹ್ಯಾಮ್ ಎಂಬಲ್ಲಿಗೆ ಒಯ್ದು, ರೂಪವನ್ನು ಹಿಗ್ಗಿಸಿ ಮತ್ತೆ ನಿಲ್ಲಿಸಿದರು. ಅಂಕಣದ ಲೆಕ್ಕದಲ್ಲಿ ಮನೆ ಕಟ್ಟಿದವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು. ನಮ್ಮ ಬಡಿಗನೂ ಕಂಬ ತೊಲೆಗಳನ್ನು ನೆಲದ ಮೇಲೆಯೇ ಕೆತ್ತಿ, ಕೂಡಿಸಿ ನೋಡಿ, ಗುರುತು ಹಾಕಿ, ಬಳಿಕ ಒಂದು ಒಳ್ಳೆಯ ದಿನ ಎತ್ತಿ ನಿಲ್ಲಿಸುತ್ತಿದ್ದನು.

ಆದ್ದರಿಂದ ಉಕ್ಕಿನ ಕಟ್ಟಡದ ಪದಗಳನ್ನು ಕಲಿಯಬಯಸುವ ಕನ್ನಡ ವಿದ್ಯಾರ್ಥಿ ಮೊದಲು ನೋಡಬೇಕಾದುದು ಮಾಳಿಗೆಯ ಮನೆಯನ್ನು. ಬಯಲುಸೀಮೆಯ ಆ ಮನೆಯ ಒಡಲು ಸರಳವಾದುದು. ಅಡಿಗಲ್ಲಿನ ಮೇಲೆ ಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತೆಗಳು, ಜಂತೆಗಳ ಮೇಲೆ ಹಲಗೆ ಅಥವಾ ತುಂಡುಕಟ್ಟಿಗೆ, ಎಲ್ಲಕ್ಕೂ ಮೇಲೆ ಮಣ್ಣು. ಮರಾಠಿಯಲ್ಲಿ ಇಂಥ ಮಾಳಿಗೆಗೆ ಮಾಳವದ ಎನ್ನುತ್ತಾರೆ. ಕಂಬಕ್ಕೆ ಖಾಂಬ, ತೊಲೆಗೆ ತುಳಈ, ಅಡಿಗಲ್ಲಿಗೆ ತಳಖಡಾ. ಸಂಸ್ಕೃತದ ತುಲಾ ಎಂಬ ಪದಕ್ಕೆ ತಕ್ಕಡಿಯೆಂಬ ಅರ್ಥದಂತೆಯೇ ತೊಲೆಯೆಂಬ ಅರ್ಥವೂ ಇರುವುದನ್ನು ನೆನೆದರೆ ಈ ಎರಡು ನುಡಿಗಳ ನೆಂಟಸ್ತಿಕೆ ಇನ್ನಷ್ಟು ತಿಳಿಯಾಗುತ್ತದೆ. ಗೋಡೆ ನೆಟ್ಟಗಿದೆಯೇ ಎಂದು ನೋಡುವ ಓಳಂಬ, ಮೂಲೆ ನೇರವಾಗಿದೆಯೇ ಎಂದು ನೋಡುವ ಗುಣ್ಯಾ, ಇವುಗಳನ್ನು ಹಿಡಿದ ಗವಂಡಿ, ಈ ಮೂರೂ ಪದಗಳು ಈ ಸೀಮೆಯಲ್ಲಿ ಎರಡೂ ಭಾಷೆಯವರ ಬಾಯಲ್ಲಿವೆ.

ಇದನ್ನು ಉಕ್ಕಿನ ಕಟ್ಟಡದೊಡನೆ ಹೋಲಿಸಬಹುದು. ಅಡಿಗಲ್ಲಿನ ಜಾಗದಲ್ಲಿ ಕಾಂಕ್ರೀಟಿನ ಪೀಠ. ಅದರೊಳಗೆ ಹುದುಗಿಸಿದ ಆಂಕರ್ ಬೋಲ್ಟುಗಳು. ಅವುಗಳ ಮೇಲೆ ಕೂಡುವ, ಕಂಬದ ಬುಡಕ್ಕೆ ಬೆಸೆದ ದಪ್ಪ ತಟ್ಟೆ. ಅದಕ್ಕೆ ಬೇಸ್ ಪ್ಲೇಟ್ ಎಂದು ಹೆಸರು. ಕಾಲಮ್ ಎಂದರೆ ಕಂಬ. ಎದುರುಬದುರಿನ ಎರಡು ಕಂಬಗಳಿಂದ ಏರಿ ನೆತ್ತಿಯಲ್ಲಿ ಕೂಡುವ ಇಳಿಜಾರಿನ ಭಾರಿ ತೊಲೆಗಳು ರಾಫ್ಟರ್. ಈ ಕಂಬಗಳೂ ರಾಫ್ಟರ್‌ಗಳೂ ಸೇರಿ ಒಂದು ಚೌಕಟ್ಟು. ಒಂದು ಚೌಕಟ್ಟಿನಿಂದ ಮುಂದಿನ ಚೌಕಟ್ಟಿನವರೆಗೆ ಒಂದು ಬೇ, ಅಂದರೆ ಒಂದು ಅಂಕಣ. ಚೌಕಟ್ಟಿನಿಂದ ಚೌಕಟ್ಟಿಗೆ ಅಡ್ಡಲಾಗಿ ಹಾಯುವ, ತೆಳುವಾದ ಉಕ್ಕಿನ ಪಟ್ಟಿಯನ್ನು ಮಡಚಿ ಇಂಗ್ಲಿಷಿನ ಝೆಡ್ ಅಕ್ಷರದ ಆಕಾರ ಕೊಟ್ಟ ಸದಸ್ಯಗಳು ಪರ್ಲಿನ್. ಅವುಗಳ ಮೇಲೆ ತಗಡು. ತಗಡಿನ ನೀರು ಇಳಿಯುವ ಅಂಚು ಈವ್, ಅಂದರೆ ಸೂರು. ಎರಡು ಇಳಿಜಾರುಗಳು ಕೂಡುವ ನೆತ್ತಿ ರಿಡ್ಜ್, ಮರಾಠಿಯಲ್ಲಿ ಆಢೆ. ನಡುವೆ ಕಂಬವಿಲ್ಲದೆ ಒಂದು ಬದಿಯ ಕಂಬದಿಂದ ಇನ್ನೊಂದು ಬದಿಯ ಕಂಬದವರೆಗೆ ಹಾಯುವ ಅಗಲ ಸ್ಪ್ಯಾನ್. ಅಂಕಣವನ್ನು ಕಟ್ಟಡದ ಉದ್ದದ ಮೇಲೆ ಎಣಿಸಬೇಕು, ಸ್ಪ್ಯಾನನ್ನು ಅಗಲದ ಮೇಲೆ ಅಳೆಯಬೇಕು. ಈ ಎರಡನ್ನೂ ಅದಲುಬದಲು ಮಾಡಿದವನು ಸಾಮಗ್ರಿಯ ಲೆಕ್ಕವನ್ನೇ ಕೆಡಿಸುತ್ತಾನೆ.

ಇಲ್ಲೊಂದು ಎಚ್ಚರ ಬೇಕು. ನಿಘಂಟನ್ನು ತೆರೆದು ರಾಫ್ಟರ್ ಎಂಬುದಕ್ಕೆ ಹಂಚಿನ ಮನೆಯ ಪದವನ್ನು ತಂದಿಟ್ಟರೆ ಅನರ್ಥವಾಗುತ್ತದೆ. ಕಾಸರಗೋಡಿನ ಕಡೆಯ ಕನ್ನಡಿಗರು ಹೇಳುವ ಪಕ್ಕಾಸು, ಮರಾಠಿಗರ ವಾಸಾ, ಇವು ತೆಳುವಾದ ಇಳಿಜಾರು ಮರಗಳು; ಅವು ದೊಡ್ಡ ಮರಗಳ ಮೇಲೆ ಮಲಗುತ್ತವೆ, ಅವುಗಳ ಮೇಲೆ ರೀಪು, ರೀಪಿನ ಮೇಲೆ ಹಂಚು. ಉಕ್ಕಿನ ಕಟ್ಟಡದ ರಾಫ್ಟರ್ ಯಾವುದರ ಮೇಲೆಯೂ ಮಲಗಿದ್ದಲ್ಲ. ಅದೇ ಎಲ್ಲವನ್ನೂ ಹೊತ್ತದ್ದು. ಅದರ ಕೆಲಸ ಪಕ್ಕಾಸಿನದಲ್ಲ, ತೊಲೆಯದು. ಅದರ ಮೇಲೆ ಅಡ್ಡಲಾಗಿ ಬರುವ ಪರ್ಲಿನ್ನಿನ ಕೆಲಸ ಜಂತೆಯದು. ಪದವನ್ನು ಪದಕ್ಕೆ ಹೊಂದಿಸಿದರೆ ದಾರಿ ತಪ್ಪುತ್ತದೆ, ಕೆಲಸವನ್ನು ಕೆಲಸಕ್ಕೆ ಹೊಂದಿಸಿದರೆ ದಾರಿ ಸಿಗುತ್ತದೆ. ಪಾರಿಭಾಷಿಕ ಪದಗಳ ಬಗೆಗೆ ತರಗತಿಯಲ್ಲಿ ಹೇಳುವ ಎಷ್ಟೋ ಮಾತುಗಳಿಗಿಂತ ಈ ಒಂದು ಉದಾಹರಣೆ ಹೆಚ್ಚು ಕಲಿಸಬಲ್ಲದು.

ಕಂಬ ಮತ್ತು ತೊಲೆ ಕೂಡುವ ಸಂದನ್ನು ನೋಡಿದರೆ ಹೋಲಿಕೆ ಇನ್ನೂ ಸೂಕ್ಷ್ಮವಾಗುತ್ತದೆ. ಮಾಳಿಗೆಯ ಮನೆಯಲ್ಲಿ ಅಲ್ಲಿ ಬೋದಿಗೆಯಿದೆ. ತೊಲೆಯ ಭಾರವನ್ನು ಅಗಲವಾದ ತಲೆಯ ಮೇಲೆ ಹೊತ್ತು ಕಂಬಕ್ಕೆ ಇಳಿಸುವುದು ಅದರ ಕೆಲಸ. ಉಕ್ಕಿನ ಕಟ್ಟಡದಲ್ಲಿ ಅದೇ ಜಾಗದಲ್ಲಿ ಕಂಬವೂ ರಾಫ್ಟರೂ ಎರಡೂ ದಪ್ಪವಾಗುತ್ತವೆ. ಆ ಉಬ್ಬಿಗೆ ಹಾಂಚ್ ಎನ್ನುತ್ತಾರೆ. ಹೊರಗಿನಿಂದ ನೋಡುವವನಿಗೆ ಕಂಬ ಬುಡದಲ್ಲಿ ಸಣ್ಣದಾಗಿ, ಮೇಲೆ ದೊಡ್ಡದಾಗಿ, ತಲೆಕೆಳಗಾಗಿ ನಿಲ್ಲಿಸಿದಂತೆ ಕಾಣುತ್ತದೆ. ಅದಕ್ಕೆ ಕಾರಣವಿದೆ. ಸಾಮಾನ್ಯವಾಗಿ ಇಂಥ ಚೌಕಟ್ಟು ಅತಿ ಹೆಚ್ಚು ಬಾಗಲು ಹವಣಿಸುವುದು ಆ ಸಂದಿನಲ್ಲಿಯೇ. ಬುಡವು ತಿರುಗುಗೂಟದಂತೆ ನಿಂತಿದ್ದರೆ ಅಲ್ಲಿ ಬಾಗಿಸುವ ಒತ್ತಡವಿಲ್ಲ. ಎಲ್ಲಿ ಒತ್ತಡ ಹೆಚ್ಚೋ ಅಲ್ಲಿ ಉಕ್ಕು ಹೆಚ್ಚು, ಎಲ್ಲಿ ಕಡಿಮೆಯೋ ಅಲ್ಲಿ ಕಡಿಮೆ. ಬೋದಿಗೆ ಭಾರವನ್ನು ಮಾತ್ರ ಇಳಿಸುತ್ತದೆ. ಹಾಂಚ್ ಭಾರದೊಡನೆ ಬಾಗನ್ನೂ ತೊಲೆಯಿಂದ ಕಂಬಕ್ಕೆ ದಾಟಿಸುತ್ತದೆ. ಅದಕ್ಕಾಗಿಯೇ ಆ ಸಂದಿನ ಬೋಲ್ಟುಗಳು ಬೇರೆ ಬಗೆಯವು. ಅವುಗಳ ತಲೆಯ ಮೇಲೆ 8.8 ಎಂದು ಒತ್ತಿರುತ್ತಾರೆ. ಮೊದಲ 8 ಎಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ನಿನ ಎಳೆತಕ್ಕೆ ತುಂಡಾಗುವ ಬಲ; ಚುಕ್ಕೆಯ ನಂತರದ 8 ಎಂದರೆ ಅದರ ಶೇಕಡಾ 80ರಷ್ಟು, ಅಂದರೆ 640ರವರೆಗೆ, ಹಿಗ್ಗಿ ಕೆಡದೆ ತಡೆಯುವ ಬಲ. 4.6 ಎಂದಿದ್ದರೆ ಅದು 400 ಮತ್ತು 240. ನೋಡಲು ಎರಡೂ ಒಂದೇ ಬಗೆ. ಚೀಲದಲ್ಲಿ ಬೆರೆತರೆ ಬೇರ್ಪಡಿಸುವ ಗುರುತು ಆ ಎರಡು ಅಂಕೆಗಳು ಮಾತ್ರ. ಆದರೆ ಅಂಕೆಯನ್ನು ಓದಬಲ್ಲವನೆಲ್ಲ ಅದರ ಅರ್ಥವನ್ನು ಬಲ್ಲನೆನ್ನುವಂತಿಲ್ಲ.

ಜತ್ತ ತಾಲ್ಲೂಕಿನ ಒಂದು ಹಳ್ಳಿಯ ತರುಣನೊಬ್ಬನಿಗೆ ಈ ಮಾತು ಚೆನ್ನಾಗಿ ಗೊತ್ತಿದೆ. ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿ, ಬಿ.ಎ. ಮೊದಲ ವರ್ಷದಲ್ಲಿ ಕನ್ನಡವನ್ನೇ ಆಯ್ದುಕೊಂಡಿದ್ದವನು ಆತ. ಮನೆಯಲ್ಲಿ ಎರಡು ವರ್ಷ ಬೆಳೆ ಬಾರದೆ ಕಾಲೇಜು ಬಿಟ್ಟು, ಶೆಡ್ಡು ನಿಲ್ಲಿಸುವ ಗುಂಪಿನೊಡನೆ ಹೊರಟುಹೋದನು. ಆತನ ಕೆಲಸದ ದಿನದಲ್ಲಿ ನಾಲ್ಕು ಭಾಷೆಗಳಿವೆ. ನಕ್ಷೆ ಇಂಗ್ಲಿಷಿನಲ್ಲಿ, ಗುತ್ತಿಗೆದಾರನ ಮಾತು ಮರಾಠಿಯಲ್ಲಿ, ದೂರದ ರಾಜ್ಯಗಳಿಂದ ಬಂದ ಜೊತೆಗಾರರೊಡನೆ ಹಿಂದಿ, ಮನೆಗೆ ಫೋನು ಮಾಡುವಾಗ ಕನ್ನಡ. ಮೊದಲ ತಿಂಗಳು ಆತ ಒಂದು ಸಣ್ಣ ವಹಿಯಲ್ಲಿ ಪರ್ಲಿನ್, ಗರ್ಟ್, ಸ್ಟ್ರಟ್, ಫ್ಲ್ಯಾಂಜ್, ವೆಬ್ ಎಂದು ಕನ್ನಡ ಲಿಪಿಯಲ್ಲಿ ಬರೆದುಕೊಂಡನು. ಹೇಳಿದ ವಸ್ತುವನ್ನು ತಂದುಕೊಡಲು ಅಷ್ಟು ಸಾಕಾಗುತ್ತಿತ್ತು. ಆ ವಸ್ತು ಅಲ್ಲಿ ಏಕಿದೆಯೆಂಬುದನ್ನು ವಹಿ ಹೇಳುತ್ತಿರಲಿಲ್ಲ.

ದೀಪಾವಳಿಗೆ ಊರಿಗೆ ಬಂದಾಗ ಮೊಬೈಲಿನಲ್ಲಿದ್ದ ಚಿತ್ರಗಳನ್ನು ಅಜ್ಜನಿಗೆ ತೋರಿಸಿದನು. ಅಜ್ಜ ಬಡಿಗತನ ಮಾಡಿ ಕೈ ಸವೆಸಿದವರು. ತಗಡಾಗಲಿ ಗೋಡೆಯಾಗಲಿ ಇನ್ನೂ ಬಾರದ, ಬರಿಯ ಚೌಕಟ್ಟುಗಳು ಸಾಲಾಗಿ ನಿಂತ ಒಂದು ಚಿತ್ರವನ್ನು ಬಹಳ ಹೊತ್ತು ನೋಡಿ ಅವರು ಕೇಳಿದರು: “ಗ್ವಾಡೀನ ಇಲ್ಲಂದ ಮ್ಯಾಲೆ ಈ ಖಣಾ ಎಲ್ಲಾ ಒಂದ ಕಡೆ ವಾಲಲಾರದಂಗ ಹಿಡಿಯೂದು ಯಾವುದೋ ತಮ್ಮಾ?” ತರುಣನಿಗೆ ಉತ್ತರ ತಿಳಿದಿರಲಿಲ್ಲ. “ಅದನ್ನ ಕೇಳಿಲ್ಲ ಅಜ್ಜಾ,” ಎಂದನು. ಕೆಲಸಕ್ಕೆ ಮರಳಿದ ಮೇಲೆ ಎಂಜಿನಿಯರರನ್ನು ಕೇಳಿದಾಗ ಅವರು ಎರಡು ಕಂಬಗಳ ನಡುವೆ ಗುಣಾಕಾರ ಚಿಹ್ನೆಯಂತೆ ಓರೆಯಾಗಿ ಬಿಗಿದ ಸಲಾಕೆಗಳನ್ನು ತೋರಿಸಿದರು. ಅದು ಬ್ರೇಸಿಂಗ್. ಕಟ್ಟಡದ ಅಗಲದ ದಿಕ್ಕಿನಲ್ಲಿ ಚೌಕಟ್ಟು ತನ್ನ ಗಟ್ಟಿ ಸಂದುಗಳ ಬಲದಿಂದ ತಾನೇ ನಿಲ್ಲುತ್ತದೆ. ಉದ್ದದ ದಿಕ್ಕಿನಲ್ಲಿ ಅದಕ್ಕೆ ಅಂಥ ಬಲವಿಲ್ಲ; ನಿಲ್ಲಿಸಿದ ಇಸ್ಪೀಟಿನ ಎಲೆಗಳಂತೆ ಒಂದರ ಮೇಲೊಂದು ವಾಲಬಹುದು. ಹಾಗಾಗದಂತೆ ಕೆಲವೇ ಅಂಕಣಗಳನ್ನು ಆರಿಸಿ ಓರೆಯ ಸಲಾಕೆಗಳಿಂದ ಬಿಗಿಯುತ್ತಾರೆ. ಗಾಳಿ ಒಂದು ಕಡೆಯಿಂದ ನೂಕಿದರೆ ಒಂದು ಸಲಾಕೆ ಎಳೆದು ಹಿಡಿಯುತ್ತದೆ, ಇನ್ನೊಂದು ಕಡೆಯಿಂದ ನೂಕಿದರೆ ಮತ್ತೊಂದು. ಉಳಿದ ಎಲ್ಲ ಅಂಕಣಗಳೂ ಸೂರಿನ ಉದ್ದಕ್ಕೂ ಹಾಯುವ ಈವ್ ಸ್ಟ್ರಟ್ ಮೊದಲಾದವುಗಳ ಮೂಲಕ ಈ ಕೆಲವೇ ಅಂಕಣಗಳನ್ನು ನಂಬಿ ನಿಂತಿವೆ. ಕಟ್ಟಡ ನಿಲ್ಲಿಸುವಾಗ ಮೊದಲು ಬಿಗಿದ ಅಂಕಣವನ್ನು ಪೂರ್ಣಗೊಳಿಸಿ, ಬಳಿಕ ಉಳಿದವುಗಳನ್ನು ಅದಕ್ಕೆ ಕಟ್ಟುತ್ತ ಹೋಗುವ ಕ್ರಮವೂ ಇದಕ್ಕಾಗಿಯೇ.

ಮರುವರ್ಷ ಬೇಸಿಗೆಯಲ್ಲಿ ಒಂದು ಗೋದಾಮಿನ ಕೆಲಸ ನಡೆದಿತ್ತು. ಚೌಕಟ್ಟುಗಳು ನಿಂತಿದ್ದವು, ತಗಡು ಇನ್ನೂ ಬಂದಿರಲಿಲ್ಲ. ಕ್ರೇನು ಒಳಗೆ ಹೋಗಲು ಓರೆಯ ಸಲಾಕೆಗಳು ಅಡ್ಡವಾದವು. ಅವುಗಳನ್ನು ಬಿಚ್ಚಿ, ಕ್ರೇನು ಹೋದ ಮೇಲೆ ನಾಳೆ ಮತ್ತೆ ಹಾಕಿದರಾಯಿತೆಂದು ಮೇಲ್ವಿಚಾರಕರು ಹೇಳಿದರು. ಪಾನಾ ಹಿಡಿದು ಹೊರಟ ಜೊತೆಗಾರನಿಗೆ ಅವು ಕಟ್ಟಡದಲ್ಲಿ ಎಲ್ಲಕ್ಕಿಂತ ತೆಳುವಾದ, ಆದ್ದರಿಂದ ಎಲ್ಲಕ್ಕಿಂತ ಕಡಿಮೆ ಬೆಲೆಯ ವಸ್ತುಗಳಾಗಿ ತೋರಿದ್ದರೆ ಅದರಲ್ಲಿ ತಪ್ಪೇನಿಲ್ಲ. ನಮ್ಮ ತರುಣ ಅವನನ್ನು ತಡೆದು, ಮರಾಠಿಯಲ್ಲಿ ಮೇಲ್ವಿಚಾರಕರಿಗೆ ವಿವರಿಸಿದನು: ಈ ಖಣವನ್ನು ಸಡಿಲಿಸಿದರೆ ಎಂಟೂ ಖಣ ಸಡಿಲಾಗುತ್ತವೆ, ಕ್ರೇನು ಪಕ್ಕದ ಖಣದಿಂದ ಬರಲಿ. ಪಕ್ಕದ ಖಣದ ಮುಂದೆ ಮಣ್ಣಿನ ರಾಶಿಯಿತ್ತು. ಅದನ್ನು ಸರಿಸಲು ಮುಕ್ಕಾಲು ಗಂಟೆ ಹಿಡಿಯಿತು, ಆತ ಬೈಸಿಕೊಂಡೂ ಆಯಿತು. ಸಂಜೆ ಎಂದಿನಂತೆ ಬೇಸಿಗೆಯ ಬಿರುಗಾಳಿ ಎದ್ದಿತು. ಏನೂ ಆಗಲಿಲ್ಲ. ಸಲಾಕೆ ಬಿಚ್ಚಿದ್ದರೆ ಏನಾದರೂ ಆಗುತ್ತಿತ್ತೋ ಇಲ್ಲವೋ ಹೇಳುವಂತಿಲ್ಲ. ಆ ಹೊತ್ತಿನಲ್ಲಿ ಮೇಲೆ ಆರು ಜನರಿದ್ದರೆಂಬುದು ಮಾತ್ರ ನಿಜ.

ಇಲ್ಲಿ ಖಣವೆಂಬ ಪದ ಮಾಡಿದ ಕೆಲಸವನ್ನು ಗಮನಿಸಬೇಕು. ಬೇ ಎಂಬ ಪದ ಆತನಿಗೆ ನಕ್ಷೆಯ ಮೇಲಿನ ಒಂದು ಗುರುತಾಗಿತ್ತು. ಖಣ ಎಂದೊಡನೆ ಅದು ಮನೆಯ ಒಂದು ಭಾಗವಾಯಿತು. ಅದಕ್ಕೆ ನೆರೆಯ ಖಣ ಬಂತು, ಭಾರ ಬಂತು, ವಾಲುವ ಭಯ ಬಂತು. ಅಜ್ಜನಿಗೆ ಉಕ್ಕಿನ ವಿದ್ಯೆ ತಿಳಿಯದು. ಆದರೆ ಕಟ್ಟಡವನ್ನು ಕುರಿತು ಕೇಳಬೇಕಾದ ಪ್ರಶ್ನೆ ತಿಳಿದಿತ್ತು, ಅದನ್ನು ಕೇಳುವ ಭಾಷೆಯೂ ಇತ್ತು.

ಹಾಗೆಂದು ಹಳೆಯ ಮನೆ ಎಲ್ಲಕ್ಕೂ ಉತ್ತರ ಕೊಡುವುದಿಲ್ಲ. ಒಂದಡಿ ದಪ್ಪದ ಮಣ್ಣಿನ ಮಾಳಿಗೆ ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ ಐದು ಕಿಲೋ ಮುಟ್ಟಿದರೆ ಹೆಚ್ಚು. ನೂರರಲ್ಲೊಂದು ಪಾಲು. ಮಾಳಿಗೆಯ ಮನೆಯವರ ಭಯವೆಲ್ಲ ಕೆಳಮುಖವಾಗಿತ್ತು. ಆ ಭಯ ಎಂಥದೆಂಬುದನ್ನು ಈ ಸೀಮೆಯ ಹಿರಿಯರಿಗೆ ಹೇಳಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಕಿಲ್ಲಾರಿಯ ಸುತ್ತಣ ಲಾತೂರ ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಭೂಮಿ ನಡುಗಿ ಸಾವಿರಾರು ಜನ ಸತ್ತರು. ಅವರಲ್ಲಿ ಬಹಳ ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ತಲೆಯ ಮೇಲಿನ ಆ ಮಣ್ಣಿನ ಭಾರ. ಕಂಬ ತೊಲೆಗಳ ಜೋಡಣೆ ಗಟ್ಟಿಯಾಗಿದ್ದ ಕೆಲವು ಮನೆಗಳಲ್ಲಿ ಗೋಡೆ ಉರುಳಿದರೂ ಮಾಳಿಗೆ ಕಂಬಗಳ ಮೇಲೆಯೇ ನಿಂತಿತ್ತು. ಆ ದಿನದ ಬಳಿಕ ಮಾಳಿಗೆಯ ಕೆಳಗೆ ನಿದ್ದೆ ಬಾರದೆ ಪತ್ರಾಸಿನ ಆಸರೆಗೆ ಬಂದವರು ಎಷ್ಟೋ ಜನ.

ಪತ್ರಾಸಿನ ಕೆಳಗೆ ಬಂದವರಿಗೆ ಭಯ ದಿಕ್ಕು ಬದಲಿಸಿತು. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 875ರ ಮೂರನೆಯ ಭಾಗ ಗಾಳಿಯ ಹೊರೆಯನ್ನು ಕುರಿತದ್ದು. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರೆಂದು ತೆಗೆದುಕೊಂಡು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ನ್ಯೂಟನ್ನುಗಳಲ್ಲಿ ದೊರೆಯುತ್ತದೆ. ವೇಗ 39 ಮೀಟರ್ ಎಂದಿಟ್ಟುಕೊಂಡರೆ ಚದರ ಮೀಟರಿಗೆ ಸುಮಾರು 913 ನ್ಯೂಟನ್, ಅಂದರೆ ಸುಮಾರು 93 ಕಿಲೋ ತೂಕಕ್ಕೆ ಸಮ. ಚಾವಣಿಯ ಆಕಾರ, ಬಾಗಿಲು ಕಿಟಕಿಗಳ ತೆರವು ಇವುಗಳಿಗೆ ತಕ್ಕಂತೆ ಈ ಒತ್ತಡದ ಒಂದು ಪಾಲು ತಗಡನ್ನು ಮೇಲಕ್ಕೆ ಹೀರುತ್ತದೆ. ಅಂಚುಗಳಲ್ಲಿ, ಮೂಲೆಗಳಲ್ಲಿ ಈ ಹೀರುವಿಕೆ ಇನ್ನೂ ಹೆಚ್ಚು. ಐದು ಕಿಲೋದ ತಗಡು ತನ್ನ ತೂಕದಿಂದ ಅದನ್ನು ತಡೆಯಲಾರದು. ಸ್ಕ್ರೂ ತಗಡನ್ನು ಜಂತೆಗೆ ಹಿಡಿಯಬೇಕು, ಜಂತೆಯನ್ನು ಬೋಲ್ಟು ತೊಲೆಗೆ ಹಿಡಿಯಬೇಕು, ತೊಲೆಯನ್ನು ಕಂಬ, ಕಂಬವನ್ನು ಆಂಕರ್ ಬೋಲ್ಟು, ಆಂಕರ್ ಬೋಲ್ಟನ್ನು ಕಾಂಕ್ರೀಟು ಹಿಡಿಯಬೇಕು. ಅಡಿಗಲ್ಲು ಕಂಬವನ್ನು ಹೊರುತ್ತಿತ್ತು. ಉಕ್ಕಿನ ಕಟ್ಟಡದ ಪೀಠ ಕಂಬವನ್ನು ಹೊರುವುದರ ಜೊತೆಗೆ ಹಾರದಂತೆ ಹಿಡಿದೂ ಇಟ್ಟಿರುತ್ತದೆ. ಎಂಜಿನಿಯರರು ಇದಕ್ಕೆ ಅಪ್‌ಲಿಫ್ಟ್ ಎನ್ನುತ್ತಾರೆ. ಮಾಳಿಗೆಯ ಕನ್ನಡದಲ್ಲಿ ಇದಕ್ಕೆ ಪದವಿಲ್ಲ, ಏಕೆಂದರೆ ಅಲ್ಲಿ ಆ ಸಂಗತಿಯೇ ಇರಲಿಲ್ಲ. ಆದರೆ ತಗಡಿನ ಮೇಲೆ ಕಲ್ಲು ಹೇರಿಟ್ಟ ಪ್ರತಿಯೊಬ್ಬ ರೈತನಿಗೂ ಅದು ಗೊತ್ತು. ಆತ ಪತ್ರಾಸ್ ಹಾರಿತು ಎನ್ನುತ್ತಾನೆ. ಹಾರು ಎಂಬ ಆ ಧಾತುವಿನಿಂದ ಹೊರಟರೆ ಅಪ್‌ಲಿಫ್ಟನ್ನು ವಿವರಿಸಲು ಒಂದು ನಿಮಿಷ ಸಾಕು.

ಇನ್ನು ಕೆಲವು ಪದಗಳನ್ನು ಹಾಗೆಯೇ ತೆಗೆದುಕೊಳ್ಳುವುದು ಲೇಸು. ಗೋಡೆಯ ತಗಡನ್ನು ಹಿಡಿಯಲು ಕಂಬದಿಂದ ಕಂಬಕ್ಕೆ ಅಡ್ಡಲಾಗಿ ಹಾಯುವ ಗರ್ಟ್‌ಗೆ ಹಳೆಯ ಪದವಿಲ್ಲ. ಕಲ್ಲಿನ ಗೋಡೆಗೆ ಅದು ಬೇಕಿರಲಿಲ್ಲ. ಇಂಗ್ಲಿಷಿನ ಐ ಅಕ್ಷರದಂತಿರುವ ತೊಲೆಯ ಮೇಲಿನ ಕೆಳಗಿನ ಪಟ್ಟಿಗಳು ಫ್ಲ್ಯಾಂಜ್, ನಡುವಣ ನೆಟ್ಟನೆಯ ಹಾಳೆ ವೆಬ್. ಮರದ ತೊಲೆ ಒಂದೇ ಗಟ್ಟಿಯಾದ್ದರಿಂದ ಈ ಭೇದವೂ ಅಲ್ಲಿರಲಿಲ್ಲ. ಇವುಗಳಿಗೆ ಸಂಸ್ಕೃತದಿಂದ ಪದ ಕಟ್ಟಿ ಪಟ್ಟಿ ಮಾಡಿದರೆ ಆ ಪಟ್ಟಿ ಗ್ರಂಥಾಲಯದಲ್ಲಿ ಉಳಿಯುತ್ತದೆ, ಗರ್ಟ್ ಎಂಬ ಪದ ಕೆಲಸದ ಜಾಗದಲ್ಲಿ ಉಳಿಯುತ್ತದೆ. ಕನ್ನಡವು ಬೋಲ್ಟನ್ನೂ ಸ್ಕ್ರೂವನ್ನೂ ಸಿಮೆಂಟನ್ನೂ ತನ್ನದಾಗಿಸಿಕೊಂಡಂತೆ ಗರ್ಟನ್ನೂ ಅರಗಿಸಿಕೊಳ್ಳಬಲ್ಲದು. ಬೇಕಾದುದು ಬೇರೆ ಪದವಲ್ಲ, ಆ ಪದದ ಪಕ್ಕದಲ್ಲಿ ಕನ್ನಡದಲ್ಲಿ ಎರಡು ಸಾಲಿನ ವಿವರಣೆ.

ಆದರೆ ಒಂದು ಪದವನ್ನು ಮಾತ್ರ ಬಿಟ್ಟುಕೊಡಬಾರದು. ಚಾವಣಿಯಲ್ಲಿ ಬೆಳಕಿಗಾಗಿ ಅಲ್ಲಲ್ಲಿ ಉಕ್ಕಿನ ತಗಡಿನ ಬದಲು ಪ್ಲಾಸ್ಟಿಕ್ ಬಗೆಯ ಅರೆಪಾರದರ್ಶಕ ಹಾಳೆ ಹಾಕುತ್ತಾರೆ. ಅದಕ್ಕೆ ಸ್ಕೈಲೈಟ್ ಎಂದು ಹೆಸರು. ತಗಡಿನ ಅಲೆಯೂ ಹಾಳೆಯ ಅಲೆಯೂ ಒಂದೇ. ಧೂಳು ಕೂತು ಕೆಲವು ವರ್ಷಗಳಾದ ಮೇಲೆ ಬಣ್ಣವೂ ಹೆಚ್ಚು ಕಡಿಮೆ ಒಂದೇ. ಬಿಸಿಲಿಗೆ ಹಳಸಿದ ಆ ಹಾಳೆ ಮನುಷ್ಯನ ತೂಕವನ್ನು ತಡೆಯಲಾರದು. ಸೋರುವಿಕೆಯನ್ನು ಸರಿಪಡಿಸಲು ಮೇಲೇರಿದವರು ಅದರ ಮೇಲೆ ಕಾಲಿಟ್ಟು ಕೆಳಗೆ ಬಿದ್ದು ಸಾಯುವುದು ಜಗತ್ತಿನ ಎಲ್ಲ ಕಡೆ ಚಾವಣಿಯ ಕೆಲಸದಲ್ಲಿ ಮತ್ತೆ ಮತ್ತೆ ನಡೆಯುವ ಅನಾಹುತ. ಸ್ಕೈಲೈಟ್ ಎಂಬ ಪದ ಕನ್ನಡದ ಹುಡುಗನಿಗೆ ಯಾವ ಎಚ್ಚರವನ್ನೂ ಕೊಡುವುದಿಲ್ಲ. ಅದು ಒಂದು ಬಗೆಯ ತಗಡಿನ ಹೆಸರಾಗಿ ಕೇಳಿಸುತ್ತದೆ. ನಮ್ಮ ಹಳೆಯ ಪದ ಬೆಳಕಿಂಡಿ. ಅದರೊಳಗೆ ಕಿಂಡಿಯಿದೆ. ಕಿಂಡಿಯೆಂದರೆ ತೂತು ಎಂಬುದು ಮೂರು ವರ್ಷದ ಮಗುವಿಗೂ ಗೊತ್ತು. ತಿಳಿದು ತಿಳಿದು ಅದರ ಮೇಲೆ ಯಾರೂ ಕಾಲಿಡುವುದಿಲ್ಲ. ಕಾವಲು ಪಟ್ಟಿ, ಸೊಂಟದ ಹಗ್ಗ, ನಡೆದಾಡುವ ಹಲಗೆ ಇವುಗಳ ಬದಲಿಗೆ ಪದವೊಂದೇ ಸಾಕೆಂದು ಯಾರೂ ಹೇಳಲಾರರು. ಆದರೆ ಅವೆಲ್ಲ ಇದ್ದಾಗಲೂ, ಅವು ಇಲ್ಲದಾಗಲಂತೂ, ಮನಸ್ಸಿಗೆ ಮೊದಲು ತಟ್ಟುವುದು ಪದವೇ.

ಗಡಿಯಾಚೆಯ ಕನ್ನಡ ವಿಭಾಗಗಳಲ್ಲಿ ಪ್ರತಿ ವರ್ಷ ಒಂದು ಪ್ರಶ್ನೆ ಏಳುತ್ತದೆ: ಮಹಾರಾಷ್ಟ್ರದಲ್ಲಿ ದುಡಿದು ಬಾಳಬೇಕಾದ ಹುಡುಗನಿಗೆ ಕನ್ನಡದಿಂದ ಏನು ಪ್ರಯೋಜನ? ಉತ್ತರವಾಗಿ ಪರಂಪರೆ, ವಚನ, ಶಾಸನಗಳ ಹೆಸರು ಹೇಳುವುದು ವಾಡಿಕೆ. ಅದು ಸುಳ್ಳಲ್ಲ. ಸಿದ್ಧರಾಮನ ಸೊಲ್ಲಾಪುರದಲ್ಲಿ ನಿಂತು ಅದನ್ನು ಹೇಳುವ ಹಕ್ಕು ಎಲ್ಲರಿಗೂ ಉಂಟು. ಆದರೆ ಆ ಸಿದ್ಧರಾಮ ವಚನಕಾರನಾಗಿದ್ದಂತೆಯೇ ಕೆರೆ ಕಟ್ಟಿಸಿದವನೂ ಆಗಿದ್ದನೆಂಬುದನ್ನು ಮರೆಯಬಾರದು. ಕಟ್ಟುವವರ ಭಾಷೆಯನ್ನು ಕೈಬಿಟ್ಟು ಹಾಡುವವರ ಭಾಷೆಯನ್ನು ಮಾತ್ರ ಉಳಿಸಿಕೊಂಡ ವಿಭಾಗಕ್ಕೆ, ಕಾಲೇಜು ಬಿಟ್ಟು ಕೆಲಸಕ್ಕೆ ಹೊರಟ ಹುಡುಗನಿಗೆ ಕೊಡಲು ಏನೂ ಉಳಿದಿರುವುದಿಲ್ಲ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗುವ ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ, ಇಲ್ಲವೇ ನೆರೆಯ ಒಂದು ಮಾಳಿಗೆಯ ಮನೆಯ ಭಾಗಗಳ ಹೆಸರುಗಳನ್ನು ಬಡಿಗರಿಂದ, ಗವಂಡಿಗಳಿಂದ, ಅಜ್ಜ ಅಜ್ಜಿಯರಿಂದ ಕೇಳಿ ಬರೆದು ತರಬಹುದು. ಕನ್ನಡದ ಹೆಸರು, ಮರಾಠಿಯ ಹೆಸರು, ಆ ಭಾಗ ಮಾಡುವ ಕೆಲಸ, ಈ ಮೂರನ್ನೂ ಬರೆಯಬೇಕು. ಕೆಲಸವನ್ನು ಬರೆಯದ ಪಟ್ಟಿಯಿಂದ ಉಪಯೋಗವಿಲ್ಲ. ಊರಿನಲ್ಲಿ ಉಕ್ಕಿನ ಶೆಡ್ಡು ಏಳುತ್ತಿದ್ದರೆ ಅಲ್ಲಿಗೂ ಹೋಗಿ, ಅಲ್ಲಿ ದುಡಿಯುವವರು ಯಾವುದಕ್ಕೆ ಏನೆನ್ನುತ್ತಾರೆಂದು ಕೇಳಬೇಕು. ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟಾಗ ಎಲ್ಲಿ ಹಳೆಯ ಪದ ಸಾಲುತ್ತದೆ, ಎಲ್ಲಿ ಕಡ ಬೇಕು, ಎಲ್ಲಿ ವಿವರಣೆ ಸಾಕು ಎಂಬುದು ತಾನಾಗಿ ಕಾಣುತ್ತದೆ. ಮಾಳಿಗೆಯ ಮನೆಗಳು ಬೇಗ ಬೇಗ ಇಳಿಯುತ್ತಿವೆ. ಅವುಗಳ ಜಂತೆಗಳು ಹಳೆಯ ಕಟ್ಟಿಗೆಯ ಅಂಗಡಿಗೆ ತೂಕದ ಲೆಕ್ಕದಲ್ಲಿ ಹೋಗುತ್ತಿವೆ. ಹೆಸರು ಹೇಳಬಲ್ಲವರು ಇನ್ನೂ ಕಟ್ಟೆಯ ಮೇಲೆ ಕುಳಿತಿದ್ದಾರೆ. ಈ ರಜೆಯಲ್ಲಿಯೇ ಹೋಗಿ ಕೇಳುವುದು ಒಳ್ಳೆಯದು.